ಹನ್ನೊಂದನೆಯ ರೀಲಿನಲ್ಲಿ ಸಾಯಬಣ್ಣ

"ನಿಲ್ಲಸ್ರೀ! ಅಲ್ಲೇ ನಿಲ್ಲಸ್ರೀ!"

ಪೀರಮ್ಮನ ಕೂಗು ಖಾಲಿ ಟಾಕೀಸಿನ ನಾಲ್ಕೂ ಗೋಡೆಗೆ ಬಡಿದು ಬಂತು. ಮೂರನೆಯ ಸಾಲಿನ ಬೆಂಚಿನಿಂದ ಎದ್ದವಳೇ ಎರಡೂ ಕೈ ಮುಂದೆ ಚಾಚಿ ಪರದೆಯ ಕಡೆಗೆ ನಡೆದುಬಿಟ್ಟಿದ್ದಳು.

ಪರದೆಯ ಮೇಲೆ ಕಲ್ಲಿನ ಖಣಿ. ಅದರ ತುಂಬ ಕೆಲಸಗಾರರು, ಒಬ್ಬೊಬ್ಬನೂ ಎರಡಾಳೆತ್ತರ. ಗುಂಪಿನ ಎಡ ತುದಿಯಲ್ಲಿ ಗಡ್ಡ ಬಿಟ್ಟ ಒಬ್ಬ ತೆಳ್ಳನೆಯ ಮನುಷ್ಯ ಹೆಗಲ ಮೇಲೆ ಸುತ್ತಿಗೆ ಇಟ್ಟುಕೊಂಡು ನೇರವಾಗಿ ಮುಂದೆ ನೋಡುತ್ತಿದ್ದ.

ಸಬ್‌ಇನ್ಸ್‌ಪೆಕ್ಟರ್ ಚಂದ್ರಾಮಪ್ಪ ಹಿಂದಕ್ಕೆ ತಿರುಗಿ ಪ್ರೊಜೆಕ್ಟರ್ ಕೋಣೆಯ ಕಿಂಡಿಗೆ ಕೂಗಿದ. "ಮಜೀದಸಾಬ್, ಸ್ವಲ್ಪ ನಿಲ್ಲಸ್ರಿ!"

"ನಿಲ್ಲಸ್ಲಿಕ್ಕ ಬರಂಗಿಲ್ರಿ ಸಾಹೇಬ್ರ!" ಆಪರೇಟರ್ ಅಬ್ದುಲ್ ಮಜೀದನ ದನಿ ಕಿಂಡಿಯಿಂದ ಬಂತು. "ನಿಲ್ಲಿಸಿದ್ರ ದೀಪದ ಕಾವಿಗಿ ಫಿಲ್ಮ್ ಸುಡ್ತದ. ಆ ಮುಖಾನೇ ಸುಟ್ಟು ಹೋಗ್ತದ!"

ಪೀರಮ್ಮನಿಗೆ ಅದು ಕೇಳಿಸಿತು. ಚಾಚಿದ ಕೈ ಕೆಳಗಿಳಿಯಿತು.

"ಬ್ಯಾಡ್ರಿ... ಸುಡಬ್ಯಾಡ್ರಿ. ನಡೀಲಿ."

ಅವಳು ಪರದೆಗೆ ತೀರ ಹತ್ತಿರ ಹೋಗಿ ನಿಂತಿದ್ದಳು. ಬೆಳಕು ಅವಳ ಬೆನ್ನಿನ ಮೇಲೆ ಬೀಳುತ್ತಿತ್ತು. ಅವಳ ಬಿಳಿ ಸೀರೆಯ ಮೇಲೆ ಆ ಗಡ್ಡದ ಮುಖ ಒಂದು ಗಳಿಗೆ ಅಲುಗಾಡಿ, ಆಮೇಲೆ ಗುಂಪಿನೊಳಗೆ ಮರೆಯಾಯಿತು.

ಚಂದ್ರಾಮಪ್ಪ ತೊಡೆಯ ಮೇಲಿದ್ದ ಟೊಪ್ಪಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಹನ್ನೆರಡು ವರ್ಷದ ಪೊಲೀಸ್ ನೌಕರಿಯಲ್ಲಿ ಎಷ್ಟೋ ಹೆಣಗಳನ್ನು ಎಷ್ಟೋ ಹೆಂಗಸರಿಗೆ ತೋರಿಸಿದ್ದ. ಸತ್ತವನನ್ನು ನಿಂತವನಾಗಿ, ಕಣ್ಣು ಮಿಟುಕಿಸುವವನಾಗಿ ತೋರಿಸಿದ್ದು ಇದೇ ಮೊದಲು.

"ಅವನೇ ಏನು?" ಎಂದು ಕೇಳಿದ.

"ಅವನೇ ರೀ." ಪೀರಮ್ಮ ತಿರುಗಲಿಲ್ಲ. "ನನ್ನ ಗಂಡ ರೀ. ಸಾಯಬಣ್ಣ."

ರಾವೂರಿನ ಖಣಿ ಕೆಲಸಗಾರರ ಮುಂದಾಳು ಸಾಯಬಣ್ಣ ಮೂರು ವರ್ಷದ ಹಿಂದೆ, ಎಪ್ಪತ್ಮೂರರ ಶ್ರಾವಣದಲ್ಲಿ, ಮಳಖೇಡದ ಹತ್ತಿರ ಕಾಗಿಣಾ ಹೊಳೆಯ ಪ್ರವಾಹದಲ್ಲಿ ಮುಳುಗಿ ಸತ್ತನೆಂದು ದಾಖಲೆ ಹೇಳುತ್ತಿತ್ತು. ದಂಡೆಯ ಮೇಲೆ ಚಪ್ಪಲಿ, ಧೋತರ ಸಿಕ್ಕಿದ್ದವು. ಹೆಣ ಸಿಕ್ಕಿರಲಿಲ್ಲ.

ಆ ಪಂಚನಾಮೆ ಬರೆದವನು, ಆಗ ಸೇಡಮ್ ಠಾಣೆಯಲ್ಲಿದ್ದ ಇದೇ ಚಂದ್ರಾಮಪ್ಪ.

* * *

ಬೆಳಗಿನ ಒಂಬತ್ತೂವರೆ. ಶಹಾಬಾದಿನ ಆ ಟಾಕೀಸಿನ ಬಾಗಿಲು ಒಳಗಿನಿಂದ ಹಾಕಿತ್ತು. ಹೊರಗೆ ಕಾನ್‌ಸ್ಟೇಬಲ್ ಹಣಮಪ್ಪ ಕಾವಲಿದ್ದ. ರಾವೂರಿನ ಖಣಿ ಮಾಲೀಕ ಜಗದೇವಪ್ಪ ಹನ್ನೊಂದಕ್ಕೆ ಬರುವವನಿದ್ದ. 'ಹಾಸುಗಲ್ಲು' ಎಂಬ ಸಿನಿಮಾದ ಹನ್ನೊಂದನೆಯ ರೀಲು ಜನರನ್ನು ಸರ್ಕಾರದ ವಿರುದ್ಧ ಎತ್ತಿಕಟ್ಟುತ್ತದೆ, ಸೆನ್ಸಾರ್ ನಿಷೇಧಿಸಿದ ಸೀನ್ ಅದರಲ್ಲಿದೆ, ಅದನ್ನು ವಶಕ್ಕೆ ತೆಗೆದುಕೊಂಡು ಸುಡಬೇಕು ಎಂದು ಅರ್ಜಿ ಕೊಟ್ಟವನೇ ಅವನು. ಎಮರ್ಜೆನ್ಸಿಯ ಕಾಲ. ಅಂಥ ಅರ್ಜಿಯನ್ನು ಯಾರೂ ಮೂಲೆಗೆ ಎಸೆಯುವಂತಿರಲಿಲ್ಲ.

ಮೊನ್ನೆ ಮ್ಯಾಟಿನಿಗೆ ಚಂದ್ರಾಮಪ್ಪ ಮಫ್ತಿಯಲ್ಲಿ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ. ರಾವೂರು, ವಾಡಿ, ಚಿತ್ತಾಪುರದ ಕಡೆಯಿಂದ ನಡೆದು ಬಂದ ಖಣಿಯ ಜನ ಐನೂರಕ್ಕೆ ಕಡಿಮೆ ಇರಲಿಲ್ಲ. ಹಾಡು ಬಂದಾಗ ಅವರು ಸೀಟಿ ಹೊಡೆದರು. ಹೊಡೆದಾಟಕ್ಕೆ ಚಪ್ಪಾಳೆ ತಟ್ಟಿದರು. ಹನ್ನೊಂದನೆಯ ರೀಲು ಬಂದಾಗ ಬೀಡಿ ಆರಿಸಿದರು.

ಪರದೆಯ ಮೇಲಿನ ಕೆಲಸಗಾರರು ಒಬ್ಬೊಬ್ಬರೇ ಸುತ್ತಿಗೆ ಕೆಳಗಿಡುತ್ತಿದ್ದಂತೆ ಇಲ್ಲಿನವರು ಒಬ್ಬೊಬ್ಬರೇ ಎದ್ದು ನಿಂತರು. ಕೂಗಲಿಲ್ಲ, ಕೈ ಎತ್ತಲಿಲ್ಲ. ನಿಂತರು, ಅಷ್ಟೇ. ರೀಲು ಮುಗಿಯುವವರೆಗೆ ಐನೂರು ಜನ ಹಾಗೇ ನಿಂತಿದ್ದರು. ಚಂದ್ರಾಮಪ್ಪನಿಗೆ ತಾನು ಯಾವಾಗ ಎದ್ದು ನಿಂತೆ ಎಂಬುದು ನೆನಪಿರಲಿಲ್ಲ.

ಹೊರಗೆ ಬಂದಾಗ ಜನರ ನಡುವೆ ಒಂದೇ ಗುಸುಗುಸು. ಆ ಎಡಗಡೆಯ ಗಡ್ಡದವ ಯಾರು? ಅವನ ಕಣ್ಣು ಯಾರ ಕಣ್ಣು?

ಅದಕ್ಕೇ ಈ ಬೆಳಿಗ್ಗೆ ಪೀರಮ್ಮನನ್ನು ಕರೆಸಿದ್ದ. ಅವಳು ಹುಟ್ಟಿದಾಗಿನಿಂದ ಸಿನಿಮಾ ನೋಡಿದವಳಲ್ಲ.

* * *

"ಇನ್ನೊಂದ್ಸಲ ತೋರಿಸ್ತೀರೇನ್ರಿ?" ಎಂದು ಪೀರಮ್ಮ ಕೇಳಿದಳು.

ಮಜೀದ ರೀಲನ್ನು ಹಿಂದಕ್ಕೆ ಸುತ್ತಿದ. ಐವತ್ತು ದಾಟಿದ ಮನುಷ್ಯ. ಬೆರಳ ತುದಿಗಳು ಪ್ರೊಜೆಕ್ಟರ್ ದೀಪದ ಕಾರ್ಬನ್ ಕಡ್ಡಿಯ ಮಸಿಯಿಂದ ಕಪ್ಪಾಗಿದ್ದವು. ದೀಪ ಹತ್ತಿತು.

ಸಿನಿಮಾದ ಕಥೆ ಇಷ್ಟು. ಖಣಿಯಲ್ಲಿ ಎಚ್ಚರಿಕೆಯ ಸೀಟಿ ಹೊಡೆಯದೆ, ಬಂಡೆ ಕೊರೆದು ಮದ್ದು ತುಂಬಿದ ಸುರಂಗಕ್ಕೆ ಬೆಂಕಿ ಇಡುತ್ತಾರೆ. ಸ್ಫೋಟಕ್ಕೆ ಇಬ್ಬರು ಸಾಯುತ್ತಾರೆ. ಮರುದಿನ ಕೆಲಸಗಾರರು ಸುತ್ತಿಗೆ ಮುಟ್ಟುವುದಿಲ್ಲ. ನಾಯಕ ಬಂಡೆಯ ಮೇಲೆ ಹತ್ತಿ ಮಾತಾಡುತ್ತಾನೆ.

ನಾಯಕ ಬಂಡೆ ಹತ್ತಿದ. ಬಾಯಿ ತೆರೆಯುವ ಮೊದಲೇ ಪೀರಮ್ಮನ ದನಿ ಕತ್ತಲಲ್ಲಿ ಮೆಲ್ಲಗೆ ಕೇಳಿಸಿತು.

"ಕಲ್ಲು ಒಡೀತೀವಿ. ತಲಿ ಒಡಿಸ್ಕೊಳ್ಳಂಗಿಲ್ಲ."

ಪರದೆಯ ಮೇಲಿನ ನಾಯಕ ಗುಡುಗಿದ: "ಕಲ್ಲು ಒಡೆಯುತ್ತೇವೆ! ತಲೆ ಒಡೆಸಿಕೊಳ್ಳುವುದಿಲ್ಲ!"

ಚಂದ್ರಾಮಪ್ಪ ತಟ್ಟನೆ ಅವಳ ಕಡೆ ತಿರುಗಿದ.

"ಮೊದಲ ಸೀಟಿ, ಆಮ್ಯಾಲ ಸುರಂಗ," ಎಂದಳು ಪೀರಮ್ಮ.

"ಮೊದಲು ಸೀಟಿ! ಆಮೇಲೆ ಸುರಂಗ!" ಎಂದ ನಾಯಕ.

"ನಮ್ಮ ಜೀವಾನೂ ಲೆಕ್ಕಕ್ಕ ಹಿಡೀರಿ."

"ನಮ್ಮ ಜೀವವನ್ನೂ ಲೆಕ್ಕಕ್ಕೆ ಹಿಡಿಯಿರಿ!"

ಗುಂಪು ಹೋ ಎಂದಿತು. ಚಂದ್ರಾಮಪ್ಪ ಅವಳ ಪಕ್ಕಕ್ಕೆ ಹೋಗಿ ಕೂತ. "ನಿನಗ ಈ ಮಾತು ಹ್ಯಾಂಗ ಗೊತ್ತು, ತಂಗಿ? ನೀ ಮೊದಲ ನೋಡಿಲ್ಲಲ್ಲ?"

"ಸಿನಿಮಾ ನೋಡಿಲ್ರಿ. ಈ ಮಾತು ಅವಂದು." ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ. "ನಮ್ಮ ಮನಿ ಅಂಗಳದಾಗ ನಿಂತು ಮಂದಿಗಿ ಹೇಳತಿದ್ದ. ರೊಟ್ಟಿ ಬಡಿಯೂತ ದಿನಾ ಕೇಳೀನಿ. ಆ ಬಣ್ಣ ಹಚ್ಚಿಕೊಂಡವಗ ಯಾರು ಹೇಳಿಕೊಟ್ರು?"

ಸಿನಿಮಾದವರು ಊರೂರು ತಿರುಗಿ ಕಥೆ ಹೆಕ್ಕಿಕೊಳ್ಳುತ್ತಾರೆಂದು ಚಂದ್ರಾಮಪ್ಪ ಕೇಳಿದ್ದ. ಖಣಿಯಲ್ಲಿ ಶೂಟಿಂಗಿಗೆ ಬಂದವರಿಗೆ ಒಬ್ಬ ಗಡ್ಡದ ಕೆಲಸಗಾರ ತನ್ನ ಕಥೆಯನ್ನೇ ಹೇಳಿದ್ದಾನೆ. ಅವರು ಅದನ್ನು ನಾಯಕನ ಬಾಯಿಗೆ ಹಾಕಿದ್ದಾರೆ, ಹೇಳಿದವನನ್ನು ಗುಂಪಿನ ಮೂಲೆಗೆ ನಿಲ್ಲಿಸಿದ್ದಾರೆ. ಆ ಮಾತು ಮದ್ರಾಸಿಗೆ ಹೋಗಿ, ರೀಲಾಗಿ, ವಾಡಿ ಜಂಕ್ಷನ್ನಿನಲ್ಲಿ ಇಳಿದು, ಐನೂರು ಜನರನ್ನು ಎಬ್ಬಿಸಿ ನಿಲ್ಲಿಸಿದೆ.

ಅವನು ಎದ್ದು ಪ್ರೊಜೆಕ್ಟರ್ ಕೋಣೆಯ ಮೆಟ್ಟಿಲ ಕಡೆಗೆ ನಡೆದ.

* * *

"ಶೂಟಿಂಗ್ ಯಾವಾಗ ಆಗ್ಯದ ಅಂತ ಹ್ಯಾಂಗ ಹೇಳೋದು?" ಪ್ರೊಜೆಕ್ಟರ್ ಕೋಣೆಗೆ ಹತ್ತಿ ಬಂದು ಅವನು ಮಜೀದನನ್ನು ಕೇಳಿದ. "ಸಾಯಬಣ್ಣ ಹೊಳ್ಯಾಗ ಹೋಗೂಕಿಂತ ಮೊದಲೇ ಆಗಿದ್ರ ಇದು ಬರೇ ಹಳೇ ಫೋಟೋ ಇದ್ದಂಗ."

ಮಜೀದ ರೀಲಿನಿಂದ ಒಂದು ಮಾರುದ್ದ ಫಿಲ್ಮ್ ಬಿಡಿಸಿ, ಕಿಟಕಿಯ ಬಿಸಿಲಿಗೆ ಹಿಡಿದ. ಉಗುರಿನಗಲದ ಚಿತ್ರಗಳು ಒಂದರ ಕೆಳಗೊಂದು ಸಾಲಾಗಿ ಹೊಳೆದವು. ಒಂದೊಂದರಲ್ಲೂ ಸಾಯಬಣ್ಣ.

"ಈ ಭೂತಗನ್ನಡಿ ತಗೋರಿ ಸಾಹೇಬ್ರ. ಅವನ ಹಿಂದ ನೋಡ್ರಿ. ಮುಖ ಬಿಡ್ರಿ, ಹಿಂದ."

ಚಂದ್ರಾಮಪ್ಪ ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದ. ಸಾಯಬಣ್ಣನ ಹಿಂದೆ ಎರಡು ಕಂಬದ ಮೇಲೆ ಒಂದು ಸರ್ಕಾರಿ ಫಲಕ. ಸೇಡಮ್ ಆಚೆ ತೆಲುಗು ಗಡಿಯಲ್ಲಿರುವ ಜಗದೇವಪ್ಪನ ಇನ್ನೊಂದು ಖಣಿಯ ಪರವಾನಗಿಯ ಫಲಕ. ಮಳೆಗೆ ಮಾಸಿದ ಹಳೆಯ ಅಕ್ಷರಗಳು. ಮೇಲಿನ ಸಾಲಿನ ಮೊದಲ ಪದಕ್ಕೆ ಮಾತ್ರ ಹೊಸದಾಗಿ ಬಿಳಿ ಬಳಿದು, ಅದರ ಮೇಲೆ ದಪ್ಪಗೆ ಬರೆದಿದ್ದರು.

'ಕರ್ನಾಟಕ.'

ಅವನು ಗಾಜು ಇಳಿಸಿದ. ಮತ್ತೆ ಹಿಡಿದ. ಮತ್ತೆ ಓದಿದ.

ರಾಜ್ಯಕ್ಕೆ ಆ ಹೆಸರು ಬಂದದ್ದು ಎಪ್ಪತ್ಮೂರರ ನವೆಂಬರ್ ಒಂದಕ್ಕೆ. ಅಂದು ಸೇಡಮ್ ಠಾಣೆಯ ಫಲಕದ ಮೇಲಿನ 'ಮೈಸೂರು' ಅಳಿಸಿ 'ಕರ್ನಾಟಕ' ಬರೆಸಿದವನು ಅವನೇ. ಅದಕ್ಕೆ ಮೊದಲು ಸರ್ಕಾರಿ ಫಲಕದ ಮೇಲೆ ಆ ಹೆಸರು ಬರೆಯಲು ಯಾರಿಗೂ ಹುಕುಂ ಇರಲಿಲ್ಲ.

ಸಾಯಬಣ್ಣ 'ಸತ್ತದ್ದು' ಆಗಸ್ಟಿನಲ್ಲಿ, ಮೈಸೂರು ರಾಜ್ಯದಲ್ಲಿ. ಇಲ್ಲಿ ಅವನು ಕರ್ನಾಟಕದಲ್ಲಿ ನಿಂತಿದ್ದಾನೆ.

"ಯಾ ಅಲ್ಲಾ," ಎಂದು ಮಜೀದ ಮೆಲ್ಲಗೆ ಹೇಳಿದ. "ಮೂರು ದಿನ ಇದನ್ನ ಓಡಿಸೀನಿ. ಈ ಫಲಕ ಇವತ್ತ ಬೆಳಿಗ್ಗೇನೇ ನೋಡಿದೆ."

ಫಿಲ್ಮಿನಲ್ಲಿ ಒಂದು ಕಡೆ ಕತ್ತರಿಸಿ ಮತ್ತೆ ಅಂಟಿಸಿದ ಗೆರೆ ಚಂದ್ರಾಮಪ್ಪನ ಕಣ್ಣಿಗೆ ಬಿತ್ತು. "ಈ ತುಂಡು ಕತ್ತರಿಸಿದ್ದು ಯಾರು, ಮಜೀದಸಾಬ್? ಖರೇ ಹೇಳ್ರಿ."

ಮಜೀದ ಬಾಗಿಲ ಕಡೆ ಒಮ್ಮೆ ನೋಡಿದ. "ಸಿನಿಮಾ ಬಿಡೂ ಹಿಂದಿನ ದಿನ ಹಂಚಿಕಿದಾರರ ಮನುಷ್ಯ ಬಂದಿದ್ದ. ಸಂಗಡ ಇನ್ನೊಬ್ರು ಬಾಲ್ಕನಿಯಾಗ ಕತ್ತಲದಾಗ ಕುಂತು ನೋಡಿದ್ರು. ಮುಖ ಕಾಣಲಿಲ್ರಿ. ನೋಡಿ ಹೋದ ಮ್ಯಾಲ ಆ ಮನುಷ್ಯ ಮ್ಯಾಲ ಬಂದು ಇದಿಷ್ಟು ಕತ್ತರಿಸಿ, 'ಸೆನ್ಸಾರ್ ಒಪ್ಪಿಲ್ಲ, ಸುಟ್ಟಬಿಡು' ಅಂದ."

"ಆದ್ರ ನೀವು ಸುಡಲಿಲ್ಲ."

"ಸುಡಬೇಕಂತ ಕಡ್ಡಿ ಗೀರಿದ್ದೆ. ಆಮ್ಯಾಲ ಸರ್ಟಿಫಿಕೇಟ್ ನೆನಪಾತು. ಅದರಾಗ ಸಿನಿಮಾದ ಉದ್ದ ಬರದಿರ್ತದಲ್ರಿ? ಕೈಯಾಗಿನ ರೀಲೆಲ್ಲಾ ಅಳದೆ. ನೂರಾ ಹತ್ತು ಮೀಟರ್ ಕಮ್ಮಿ ಬಂತು. ಈ ತುಂಡು ಅಳದೆ. ನೂರಾ ಹತ್ತು." ಅವನು ಕೈ ಚೆಲ್ಲಿದ. "ಸೆನ್ಸಾರ್‌ದವರು ಒಪ್ಪ್ಯಾರ್ರಿ. ಇದು ಬಿಲ್ಕುಲ್ ಮಂಜೂರಾದ ಸೀನ್. ಮತ್ತ ಕೂಡಿಸಿಬಿಟ್ಟೆ. ನಾನು ಇಪ್ಪತ್ತು ವರ್ಷ ಹರಿದ ಕಥಿ ಕೂಡಿಸಿದಾಂವ ಸಾಹೇಬ್ರ. ಸುಟ್ಟಾಂವ ಅಲ್ಲ."

ಕೆಳಗೆ ಜೀಪು ನಿಂತ ಸದ್ದಾಯಿತು. ಹಣಮಪ್ಪ ಬಾಗಿಲು ಬಡಿದ.

"ಸಾಹೇಬ್ರ, ಜಗದೇವಪ್ಪನವರು ಬಂದಾರ್ರಿ."

* * *

ಜಗದೇವಪ್ಪ ಬಿಳಿ ಧೋತರ, ಬೂದು ಕೋಟು, ಕೈಯಲ್ಲಿ ಬೆತ್ತ. ಪೀರಮ್ಮನನ್ನು ನೋಡಿದ. ನೋಡದವನಂತೆ ಮುಂದಿನ ಕುರ್ಚಿಗೆ ಕೂತ.

"ರೀಲ್ ಎಲ್ಲದ ಪಿಎಸ್‌ಐ ಸಾಹೇಬ್ರ? ಹನ್ನೆರಡಕ್ಕ ಮುಗಿಸ್ಬೇಕಂತ ಮ್ಯಾಲಿಂದ ಹೇಳ್ಯಾರ."

"ಕುಂದ್ರಿ, ಗೌಡ್ರ. ಎರಡು ಮಾತು ಕೇಳೋದದ." ಚಂದ್ರಾಮಪ್ಪ ನಿಂತೇ ಇದ್ದ. "ನೀವು ಈ ಸಿನಿಮಾ ನೋಡೀರೇನು?"

"ನಾ ಸಿನಿಮಾ ನೋಡೂ ಮನುಷ್ಯ ಅಲ್ಲ. ಮಂದಿ ಹೇಳಿದ್ರು. ಸಿನಿಮಾ ಅಂದ್ರ ಏನ್ರಿ? ಹಾಡು, ಕುಣಿತ, ನಾಕು ಹೊಡೆದಾಟ. ದುಡದು ದಣದವರು ನೋಡಿ ನಗಬೇಕು, ಮನಿಗಿ ಹೋಗಿ ಮಲಗಬೇಕು. ಅದರಾಗ ರಾಜಕೀಯ ಯಾಕ ತುರುಕಬೇಕು?"

"ಏನು ರಾಜಕೀಯ ಅದ ಅದರಾಗ?"

"ಸುತ್ತಿಗಿ ಇಡಂತ ಹೇಳೋದು ರಾಜಕೀಯ ಅಲ್ಲೇನು? ಮೊನ್ನಿ ನನ್ನ ಖಣ್ಯಾಗ ಏನಾತು ಗೊತ್ತದೇನು? ಸುರಂಗಕ್ಕ ಬೆಂಕಿ ಇಡೂಕಿಂತ ಮೊದಲ ಸೀಟಿ ಹೊಡೀರಿ ಅಂತ ಎಂಬತ್ತು ಮಂದಿ ಕೈ ಕಟ್ಟಿ ನಿಂತ್ರು. ಕೂಗಲಿಲ್ಲ, ಗಲಾಟಿ ಮಾಡ್ಲಿಲ್ಲ. ಸುಮ್ಮ ನಿಂತ್ರು." ಅವನು ಬೆತ್ತವನ್ನು ಪರದೆಯ ಕಡೆ ಚಾಚಿದ. "ಹಾಂಗ ನಿಲ್ಲೋದು ಯಾರು ಕಲಿಸಿದ್ರು ಅವರಿಗಿ? ಆ ಬಟ್ಟಿ ಪರದೆ ಕಲಿಸ್ತು."

"ಸೀಟಿ ಹೊಡದ್ರೇನು?"

"ಹೊಡಿಬೇಕಾತು."

ಬೆಂಚಿನ ಮೇಲಿದ್ದ ಪೀರಮ್ಮ ತಲೆ ಎತ್ತಿದಳು. ಮೂರು ವರ್ಷದಲ್ಲಿ ಮೊದಲ ಸಲ ರಾವೂರಿನ ಖಣಿಯಲ್ಲಿ ಸೀಟಿ ಕೇಳಿಸಿತ್ತು. ಅದನ್ನು ಕೇಳಬೇಕಾಗಿದ್ದವನು ಇದೇ ಟಾಕೀಸಿನಲ್ಲಿ, ಪರದೆಯ ಬೆಳಕಿನಲ್ಲಿ, ಆಗಷ್ಟೇ ಕಂಡು ಮರೆಯಾಗಿದ್ದ.

ಚಂದ್ರಾಮಪ್ಪ ಸೆನ್ಸಾರ್ ಸರ್ಟಿಫಿಕೇಟನ್ನು ಅವನ ಮುಂದೆ ಹಿಡಿದ. "ನಿಮ್ಮ ಅರ್ಜಿಯಾಗ ಈ ಸೀನ್ ನಿಷೇಧ ಆಗ್ಯದಂತ ಬರದೀರಿ. ಆಗಿಲ್ಲ. ಉದ್ದ ಅಳದೀವಿ. ಕಾಯದಾ ಪ್ರಕಾರ ಇದನ್ನ ತೋರಿಸಬಹುದು."

ಜಗದೇವಪ್ಪ ಕಾಗದ ಮುಟ್ಟಲಿಲ್ಲ. "ಕಾಯದಾ ಈಗ ಕಾಗದದಾಗ ಇಲ್ರಿ."

"ಇರ್ಲಿ. ಇನ್ನೊಂದು ಮಾತು. ಈ ಸೀನ್ ತಗದದ್ದು ಸೇಡಮ್ ಆಚಿ, ತೆಲುಗು ಸೀಮಿ ಗಡಿಗಿ ಇರೂ ನಿಮ್ಮ ಖಣ್ಯಾಗ. ಹೌದಲ್ಲ?"

"ಸಿನಿಮಾದವರು ಕೇಳಿದ್ರು. ನಮ್ಮ ಮ್ಯಾನೇಜರ್ ಕೊಟ್ಟ. ನಾ ಆಗ ಊರಾಗ ಇರಲಿಲ್ಲ."

"ಅಲ್ಲಿ ಕೆಲಸ ಮಾಡೂ ಮಂದಿ ಗುಂಪಿನಾಗ ನಿಂತಾರ. ಅದರಾಗ ಒಬ್ಬ ಸಾಯಬಣ್ಣ ಅಂತ ಈಕಿ ಹೇಳಾಕತ್ತಾಳ."

ಜಗದೇವಪ್ಪ ನಕ್ಕ. ಬೆತ್ತದಿಂದ ನೆಲ ಕುಟ್ಟಿದ. "ಭಾಳ ಛಲೋ ಆತು! ಗಂಡ ಸತ್ತಾಕಿ ಕಣ್ಣಿಗಿ ಗಡ್ಡ ಬಿಟ್ಟಾಂವೆಲ್ಲ ಗಂಡನೇ ಕಾಣ್ತಾನ!"



ಪೀರಮ್ಮ ಮೆಲ್ಲಗೆ ಎದ್ದು ನಿಂತಳು. "ನನ್ನ ಗಂಡ ಎಂದೂ ಗಡ್ಡ ಬಿಟ್ಟಾಂವ ಅಲ್ರಿ, ಗೌಡ್ರ. ವಾರಕ್ಕೆರಡು ಸಲ ನುಣ್ಣಗ ಬೋಳಿಸ್ಕೋತಿದ್ದ. ರಾವೂರಾಗ ಎಲ್ಲಾರಿಗೂ ಗೊತ್ತದ."

"ನಾನೂ ಗಡ್ಡದ ಮಾತು ಆಡಿಲ್ಲ," ಎಂದ ಚಂದ್ರಾಮಪ್ಪ. "ಗುಂಪಿನಾಗ ಒಬ್ಬ ಅಂದೆ, ಅಷ್ಟೇ. ಗಡ್ಡ ಇರೋದು ಪರದೆ ಮ್ಯಾಲಿನ ಸಾಯಬಣ್ಣಗ. ಸಿನಿಮಾ ನೋಡದ ನಿಮಗ ಅದು ಹ್ಯಾಂಗ ಕಂಡಿತು?"

ಜಗದೇವಪ್ಪನ ಬೆತ್ತ ನಿಂತಿತು. ಮುಖದ ಮೇಲೆ ಒಂದು ಗಳಿಗೆ ಏನೋ ಹಾದು ಹೋಯಿತು. ಸಿಟ್ಟಲ್ಲ. ಅಂಜಿಕೆ. ಅವನು ತನ್ನ ಮುಂದಿದ್ದ ಖಾಲಿ ಪರದೆಯ ಕಡೆ ಕಣ್ಣೆತ್ತಿ, ತಟ್ಟನೆ ಇಳಿಸಿದ.

"ಮಂದಿ ಹೇಳಿದ್ರು." ಎದ್ದ. "ಹನ್ನೆರಡಕ್ಕ ನಾ ಮತ್ತ ಬರ್ತೀನಿ. ಒಬ್ಬನೇ ಬರಂಗಿಲ್ಲ. ರೀಲ್ ತಯಾರಿರ್ಲಿ. ಇಲ್ಲಂದ್ರ ನಿಮ್ಮ ಬದಲಿ ಹುಕುಂ ತಯಾರಿರ್ತದ."

ಜೀಪು ಹೋಯಿತು. ಚಂದ್ರಾಮಪ್ಪ ಗಡಿಯಾರ ನೋಡಿದ. ಹನ್ನೊಂದೂ ಇಪ್ಪತ್ತು.

* * *

ಬಾಲ್ಕನಿಯ ಕತ್ತಲಲ್ಲಿ ಕೂತವನು ಯಾರೆಂದು ಈಗ ಗೊತ್ತಾಗಿತ್ತು. ಆದರೆ ಸಾಯಬಣ್ಣ ಬದುಕಿದ್ದರೆ ಊರಿಗೆ ಯಾಕೆ ಬರಲಿಲ್ಲ? ಹೊಳೆಯ ದಂಡೆಯ ಮೇಲೆ ಅವನ ಧೋತರ ಇಟ್ಟವರು ಯಾರು? ಗಡಿಯ ಆ ಖಣಿಯಲ್ಲಿ ಅವನನ್ನು ಹಿಡಿದಿಟ್ಟದ್ದು ಬೇಲಿಯೋ, ಬೆದರಿಕೆಯೋ?

"ಸಾಹೇಬ್ರ," ಎಂದಳು ಪೀರಮ್ಮ. "ಗುಂಪು ಹೋ ಅನ್ನೂ ಮುಂದ ಅವ ಏನೋ ಮಾತಾಡ್ತಾನ. ಆದ್ರ ಧ್ವನಿ ಅವಂದಲ್ಲ."

"ಆ ಧ್ವನಿ ಮದ್ರಾಸಿನಾಗ ಬ್ಯಾರೆದವರು ಕೂಡಿಸಿದ್ದವ್ವ," ಎಂದ ಮಜೀದ ಕಿಂಡಿಯಿಂದ. "ಸಿನಿಮಾದಾಗ ಧ್ವನಿ ಆಮ್ಯಾಲ ಹಾಕ್ತಾರ. ಇಲ್ಲಿಂದು ಬರೇ ತುಟಿ."

"ಹಂಗಾದ್ರ ತುಟಿ ಅವಂದೇ?"

"ತುಟಿ ಅವಂದೇ."

"ಧ್ವನಿ ಬಂದ್ ಮಾಡ್ರಿ." ಅವಳು ಚಂದ್ರಾಮಪ್ಪನ ಕಡೆ ತಿರುಗಿದಳು. "ಖಣ್ಯಾಗ ಕಲ್ಲು ಕೊರೆಯೂ ಮಷೀನ್ ಸಪ್ಪಳಕ್ಕ ಕಿವಿ ಕೇಳಂಗಿಲ್ರಿ. ಆ ಕಡಿ ಅವ, ಈ ಕಡಿ ನಾನು. ಹತ್ತು ವರ್ಷ ತುಟಿ ನೋಡೇ ಮಾತಾಡೀವಿ."

ಕೋಣೆಯೊಳಗೆ ಮಜೀದನ ಕೈ ಗಡಬಡಿಸಿತು. ದೀಪ ಹತ್ತಿತು. ಈ ಸಲ ಪರದೆಯಿಂದ ಯಾವ ಗುಡುಗೂ ಬರಲಿಲ್ಲ. ಯಂತ್ರದ ಟರ್ರ್ ಸದ್ದೊಂದೇ. ನೂರಾರು ಜನ ಬಾಯಿ ತೆರೆದು ಮೌನವಾಗಿ ಕೂಗಿದರು.

ಎಲ್ಲ ತುಟಿಗಳೂ ಒಂದೇ ಥರ ಅಲುಗುತ್ತಿದ್ದವು. ಎಡ ತುದಿಯ ಗಡ್ಡದವನ ತುಟಿ ಮಾತ್ರ ಬೇರೆ. ಮೂರು ಸಲ ಇದೇ ದೃಶ್ಯ ನೋಡಿದ ಚಂದ್ರಾಮಪ್ಪನಿಗೆ ಅದು ಕಂಡಿರಲಿಲ್ಲ. ಸಾಯಬಣ್ಣ ನಾಯಕನನ್ನು ನೋಡುತ್ತಿರಲಿಲ್ಲ. ಕ್ಯಾಮೆರಾವನ್ನು ನೋಡುತ್ತಿದ್ದ. ಈ ರೀಲು ಎಂದಾದರೊಂದು ದಿನ ಶಹಾಬಾದಿಗೆ ಬರುತ್ತದೆ, ಈ ಬೆಂಚಿನ ಮೇಲೆ ಒಬ್ಬಳು ಕೂಡುತ್ತಾಳೆ ಎಂದು ಗೊತ್ತಿದ್ದವನಂತೆ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದ.

"ಪೀರಾ..." ಎಂದಳು ಪೀರಮ್ಮ ಅವನ ಮಾತನ್ನು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ದನಿ ನಡುಗಲಿಲ್ಲ. "ಪೀರಾ, ನಾ ಜೀವಂತ ಅದೀನಿ. ಹುಡುಕ್ಕೊಂಡ ಬರಬ್ಯಾಡ. ನಿನ್ನೂ ಬಿಡಂಗಿಲ್ಲ ಇವರು..."

ಚಂದ್ರಾಮಪ್ಪ ಪರದೆಯ ಕಡೆಗೆ ಒಂದು ಹೆಜ್ಜೆ ಇಟ್ಟ.

"...ಸೇಡಮ್ ಪೊಲೀಸ್..."

ಅವಳು ನಿಂತಳು. ಪರದೆಯ ಮೇಲಿನ ತುಟಿಗಳು ತೆರೆದವು, ಒಂದಾದವು, ಮತ್ತೆ ಬಿಗಿಯಾಗಿ ಒಂದಾದವು. ಅಷ್ಟರಲ್ಲಿ ಬಂಡೆಯ ಮೇಲಿದ್ದ ನಾಯಕ ಧುಮುಕಿ ಮುಂದೆ ಬಂದ, ಮುಷ್ಟಿ ಎತ್ತಿದ. ಆ ದೊಡ್ಡ ಮುಷ್ಟಿಯ ಹಿಂದೆ ಸಾಯಬಣ್ಣನ ಬಾಯಿ ಮುಚ್ಚಿಹೋಯಿತು.

ರೀಲು ಮುಗಿಯಿತು. ಪರದೆ ಬರೀ ಬಿಳುಪು.

"ಏನಂದ?" ಚಂದ್ರಾಮಪ್ಪ ಕೇಳಿದ. "ಸೇಡಮ್ ಪೊಲೀಸ್... ಮುಂದ?"

ಪೀರಮ್ಮ ತಿರುಗಿದಳು. ಆ ಬಿಳಿ ಬೆಳಕಿನಲ್ಲಿ ಅವನ ಖಾಕಿ ಅಂಗಿಯನ್ನು, ಭುಜದ ಮೇಲಿನ ನಕ್ಷತ್ರಗಳನ್ನು, ಮುಖವನ್ನು ಒಂದೊಂದಾಗಿ ನೋಡಿದಳು. ಆಮೇಲೆ ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

"ನಿಮ್ಮ ಹೆಸರು ರೀ. 'ಚಂದ್ರಾಮಪ್ಪಗ' ಅಂದ. ಆಮ್ಯಾಲಿಂದು ಆ ಕೈ ನುಂಗಿತು."

ಹೊರಗೆ ರಸ್ತೆಯಲ್ಲಿ ಒಂದಲ್ಲ, ಎರಡು ಜೀಪುಗಳ ಸದ್ದು ಹತ್ತಿರವಾಗುತ್ತಿತ್ತು. ಹನ್ನೆರಡಾಗಲು ಇನ್ನೂ ಇಪ್ಪತ್ತು ನಿಮಿಷವಿತ್ತು.

"ಚಂದ್ರಾಮಪ್ಪಗ ಹೇಳು ಅಂದನೋ," ಎಂದಳು ಪೀರಮ್ಮ, "ಚಂದ್ರಾಮಪ್ಪಗ ಹೇಳಬ್ಯಾಡ ಅಂದನೋ... ನಾ ಹ್ಯಾಂಗ ತಿಳ್ಕೊಳ್ಲಿ, ಸಾಹೇಬ್ರ?"